ಬೋಪಣ್ಣನ ಅಜ್ಜನಿಗೊಂದು ಕೋವಿ

ಗೆಳೆಯರೇ, ಇಂದು ಮಧ್ಯಾಹ್ನ ಅಬುಧಾಬಿಯ ಬಂದೂಕಿನಂಗಡಿಯೊಂದರಲ್ಲಿ ಕೊಡಗಿನ ಮಾನ ಹೋಯಿತು. ನಾನೇ ಸಾಕ್ಷಿ.

ನನ್ನ ರೂಮ್‌ಮೇಟ್ ಬೋಪಣ್ಣನಿಗೆ ಊರಿನ ಅಜ್ಜನಿಗೊಂದು ಕೋವಿ ಉಡುಗೊರೆ ಕೊಡುವ ಆಸೆ. ಕೊಡವರಲ್ಲಿ ಯಾರಾದರೂ ಸತ್ತರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಮನೆಯ ಕೋವಿಗೆ ತುಕ್ಕು ಹಿಡಿದಿದೆ. ಹಾಸಿಗೆ ಹಿಡಿದ ಅಜ್ಜನಿಗೆ ಅದೇ ಚಿಂತೆ.

"ಲೈಸೆನ್ಸ್ ಉಂಟಾ?" ಎಂದರು ಅಂಗಡಿಯ ಹಮೀದಾಕ, ಮಂಗಳೂರಿನವರು.

"ಕೊಡವರಿಗೆ ಲೈಸೆನ್ಸ್ ಬೇಡ," ಎಂದು ಬೋಪಣ್ಣ ಎದೆಯುಬ್ಬಿಸಿದ.

"ಬ್ರಿಟಿಷರ ಕಾಲದಿಂದಲೂ," ಎಂದು ನಾನು ಗಂಭೀರವಾಗಿ ಬೆಂಕಿಗೆ ತುಪ್ಪ ಸುರಿದೆ.

"ಅದು ನಿಮ್ಮ ಮಡಿಕೇರಿಯಲ್ಲಿ ಮಾರಾಯ್ರೆ! ಇಲ್ಲಿ ಪೊಲೀಸರ ಪರ್ಮಿಟ್ ಬೇಕು. ನಿಮ್ಮ ಹೆಸರಲ್ಲಿ ತಗೊಂಡು ಗಿಫ್ಟ್ ಅಂತ ಇನ್ನೊಬ್ಬರ ಕೈಗೆ ಕೊಡ್ಲಿಕ್ಕಿಲ್ಲ. ಊರಿಗೆ ಒಯ್ಯಲಿಕ್ಕೆ ಎರಡೂ ದೇಶದ ಅನುಮತಿ ಬೇಕು. ಇಲ್ಲದಿದ್ರೆ ಜೈಲು, ಖಲಾಸ್."

ಬೋಪಣ್ಣ ಮುಖ ಸಣ್ಣದು ಮಾಡಿಕೊಂಡು ಅಲ್ಲಿಂದಲೇ ಮನೆಗೆ ಫೋನ್ ಮಾಡಿದ. ಅಜ್ಜನೇ ಎತ್ತಿದರು. ಸ್ಪೀಕರಿನಲ್ಲಿ ನಾವು ಮೂವರೂ ಕೇಳಿದೆವು.

"ಕೋವಿ ಬೇಡ ಮಗ. ನಮ್ಮದೇ ಬೆಳಗ್ಗೆ ಹಾರಿತಲ್ಲ, ಎರಡು ಸಲ."

"ಯಾರು ಹಾರಿಸಿದ್ದು ಅಜ್ಜ?"

"ಯಾರೂ ಇಲ್ಲ. ಗೋಡೆಯ ಮೇಲೇ ಇದೆ, ಇನ್ನೂ ಬಿಸಿಯಾಗಿ. ಊರೆಲ್ಲ ಅಂಗಳದಲ್ಲಿ ನಿಂತಿದೆ. ಒಬ್ಬರೂ ನನ್ನ ಹತ್ತಿರ ಮಾತಾಡ್ತಿಲ್ಲ."

ಫೋನ್ ಕಟ್ಟಾಯಿತು. ಕೂಡಲೇ ಊರಿನಿಂದ ಅವನ ಸೋದರತ್ತೆಯ ಕರೆ ಬಂತು: ಅಜ್ಜ ಬೆಳಗ್ಗೆಯೇ ತೀರಿಕೊಂಡರಂತೆ.

ಬೋಪಣ್ಣ ಈಗ ಟಿಕೆಟ್ ಹುಡುಕುತ್ತಿದ್ದಾನೆ. ರೂಮಿನವರೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ದನಿ ಬದಲಿಸಿ ಫೋನ್ ಮಾಡುವುದು ನನ್ನ ಹಳೆಯ ಕಸುಬು, ಒಪ್ಪಿದೆ. ಆದರೆ ಮಹನೀಯರೇ, ನಾನು ಅವನ ಪಕ್ಕದಲ್ಲೇ ನಿಂತಿದ್ದೆ.