ಪೋರ್ಚಿನ ಹಳೆಯ ಕಂಬ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ, ಇತಿಹಾಸದಲ್ಲಿ ಎಂ.ಎ. ಓದುವಾಗ, ಬೆಳಗಾವಿಯ ಒಂದು ಸಾರ್ವಜನಿಕ ಸಭಾಭವನದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಅದನ್ನೇ ಆರಿಸಿಕೊಂಡ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಆ ಭವನ ಕಟ್ಟುವಾಗ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ದಿನವೂ ನೀರು ಹೊಡೆಯುವ ಕೆಲಸ ನನ್ನ ಅಜ್ಜನದಾಗಿತ್ತು. ನೀರು ಕುಡಿಯದ ಕಾಂಕ್ರೀಟು ಗಟ್ಟಿಯಾಗುವುದಿಲ್ಲ. ಉದ್ಘಾಟನೆಗೆ ಮೊದಲೇ ಪೋರ್ಚಿನ ಸ್ಲ್ಯಾಬ್ ಕುಸಿಯಿತು. ಸಿಮೆಂಟು ಒಬ್ಬ ಪುಢಾರಿಯ ಬಂಗಲೆಗೆ ಹೋಗಿತ್ತೆಂದು ಊರೆಲ್ಲ ಆಡಿಕೊಂಡಿತು. ವಿಚಾರಣೆಯ ವರದಿಯಲ್ಲಿ ಮಾತ್ರ ಕಾರಣ ಒಂದೇ: ಕೂಲಿಯವನು ನೀರು ಹೊಡೆದಿಲ್ಲ. ಅಜ್ಜನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಆ ಕೆಟ್ಟ ಹೆಸರು ಹೊತ್ತುಕೊಂಡೇ, ನಾನು ಹುಟ್ಟುವ ಮೊದಲು ತೀರಿಕೊಂಡ. ನನಗೆ ವರದಿಯ ಪ್ರತಿ ಸಿಕ್ಕಿತು. ಅಜ್ಜ ನೀರು ಹೊಡೆದದ್ದಕ್ಕೆ ಸಾಕ್ಷಿ ಸಿಗಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಫೋಟೊ ತೆಗೆಯಲು ಹೋದೆ. ಪೋರ್ಚನ್ನು ಆಮೇಲೆ ಹೊಸದಾಗಿ ಕಟ್ಟಿದ್ದರು. ಹಳೆಯದರಲ್ಲಿ ಒಂದು ಕಂಬ ಮಾತ್ರ ಉಳಿದಿತ್ತು. ಅದರ ಮೇಲೆ ಕೈಯಿಟ್ಟೆ. ಒದ್ದೆಯಾಗಿತ್ತು. ಈಗಷ್ಟೇ ಯಾರೋ ಕೊಡ ಸುರಿದಂತೆ ನೀರು ಬುಡಕ್ಕೆ ಇಳಿಯುತ್ತಿತ್ತು. ಉಳಿದ ಕಂಬಗಳನ್ನೂ ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿದ್ದವು.

ಒಳಗಿದ್ದ ಕಾವಲುಗಾರನನ್ನು, ಕಂಬಕ್ಕೆ ಯಾರು ನೀರು ಹಾಕಿದರೆಂದು ಕೇಳಿದೆ.

"ನೀರ ಎಲ್ಲಿದು ಅಕ್ಕಾರ? ನಳಾ ಬಂದ್ ಆಗಿ ವರ್ಷ ಆತು. ಇಲ್ಲಿ ಹರಿಯೂದು ಭಾಷಣ ಅಷ್ಟ," ಎಂದು ನಕ್ಕ. ಅವನನ್ನು ಹೊರಗೆ ಕರೆತರುವಷ್ಟರಲ್ಲಿ ಕಂಬ ಒಣಗಿತ್ತು. "ಬಿಸಲ ಭಾಳ ಐತ್ರಿ. ನೆಳ್ಳಾಗ ಕುಂದರ್ರಿ," ಎಂದ.

ಸಂಜೆ ಖಾನಾಪುರಕ್ಕೆ, ಅಜ್ಜಿ ಇರುವ ಸೋದರತ್ತೆಯ ಮನೆಗೆ ಹೋದೆ. ಸೋಪು ಹಚ್ಚಿ ಕೈ ತೊಳೆದುಕೊಂಡೆ. ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅಜ್ಜಿ ನನ್ನ ಬಲಗೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಹಸಿ ಗ್ವಾಣಿಚೀಲದ ವಾಸನಿ. ಎಲ್ಲಿ ಹೋಗಿದ್ದಿ ತಂಗಿ? ಆ ಭವನದ ಕೆಲಸಕ್ಕ ಹೋಗೂವಾಗ ದಿನಾ ಸಂಜಿಗೆ ನಿಮ್ಮಜ್ಜನ ಕೈ ಹಿಂಗ ನಾರತಿತ್ತು. ತೊಳಕೊಂಡ ಬರ್ರಿ ಅಂತ ಬೈತಿದ್ದೆ."

"ದಿನಾ?"

"ಹಬ್ಬದ ದಿನಾನೂ ಬಿಟ್ಟಿಲ್ಲ."

"ಇದನ್ನ ಯಾರಿಗೂ ಯಾಕ ಹೇಳಲಿಲ್ಲ ಅಜ್ಜಿ?"

"ನನ್ನ ಯಾರ ಕೇಳಿದ್ರು?"

ಅಜ್ಜನ ಕೈಯ ವಾಸನೆಯ ಆ ಮಾತನ್ನು ಅಜ್ಜಿಯ ಹೇಳಿಕೆಯೆಂದು ಪ್ರಬಂಧದಲ್ಲಿ ಸೇರಿಸಿದೆ, ವರದಿಯ ವಾಕ್ಯದ ಪಕ್ಕದಲ್ಲೇ. ಕಂಬದ ವಿಷಯ ಬರೆಯಲಿಲ್ಲ. ಆ ನೀರು ಎಲ್ಲಿಂದ ಬಂತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ರಾತ್ರಿ ನಾನೂ ನನ್ನ ಕೈಯನ್ನು ಮೂಸಿ ನೋಡಿದೆ. ಸೋಪಿನ ವಾಸನೆಯಷ್ಟೇ ಇತ್ತು.