ಮಿಡತೆ ಕಟ್ಟುವ ತಿಮ್ಮರಾಯಪ್ಪ

ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟ ಇಂಗ್ಲಿಷ್ ರೈಲ್ವೆ ದೊರೆ ಮೀನಿನ ಗಾಳ ಕೊಟ್ಟ, ಮೀನು ನಂಬುವಂತೆ ಗರಿಯಲ್ಲಿ ಮಿಡತೆ ಕಟ್ಟುವ ಗುಟ್ಟು ಮಾತ್ರ ಹೇಳಲಿಲ್ಲ ಎಂದು ಚಿಕ್ಕಜಾಜೂರಿನ ಗ್ಯಾಂಗ್‌ಮನ್ ತಿಮ್ಮರಾಯಪ್ಪನಿಗೆ ಇಂದಿಗೂ ಸಿಟ್ಟು. ಹಟಕ್ಕೆ ಬಿದ್ದು ತಾನೇ ಕಲಿತ. ಗರಿಯ ಎಳೆಗೆ ಗಂಟು ಹಾಕಿ ಮಿಡತೆಯ ಮೊಣಕಾಲು ಮಡಿಸುವಾಗ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಗೂಡ್ಸ್ ಗಾಡಿ ಕೂಗಿದರೆ ಅದಕ್ಕೂ ಬೈಗುಳ. ಗರಿ ಕಿತ್ತಾನೆಂದು ಅವನನ್ನು ಕಂಡರೆ ಊರಿನ ಹುಂಜಗಳೆಲ್ಲ ಮಾಡು ಹತ್ತುತ್ತವೆ. “ಹೊಲದಾಗೆ ಮಿಡತೆ ಪುಕ್ಕಟೆ ಸಿಗ್ತಾವಲ್ರೀ?” ಎಂದು ಹೆಂಡತಿ ಸಿದ್ದಕ್ಕ ಕಿಚಾಯಿಸಿದರೆ, “ಅವು ಸಾಯ್ತಾವೆ ಕಣೇ, ನನ್ನವು ನೀರಾಗೂ ಒದೀತಾವೆ!” ಎನ್ನುತ್ತಾನೆ. ಕೆರೆ ಏರಿಯ ಮೇಲೆ ಜನ “ಏನ್ ಕೈ ಐತಣ್ಣಾ ನಿಂದು!” ಎಂದಾಗ ಮೀಸೆ ತಿರುವುತ್ತಾನೆ. ಅವನ ಕಣ್ಣು ಮಂಜಾಗಿ ಮೂರು ವರ್ಷವಾಯಿತು. ಮಿಡತೆಯ ಕಾಲುಗಳನ್ನೆಲ್ಲ ಈಗ ನಗುನಗುತ್ತಲೇ ಕಟ್ಟುವವಳು ಸಿದ್ದಕ್ಕ. ಇದು ಅವಳ ಕೈ ಎಂದು ಏರಿಯ ಮೇಲೆ ಅವನು ಹೇಳಬೇಕಾದ ಒಂದೇ ಒಂದು ಮಾತು ಅವಳಿಗೆ ಇನ್ನೂ ಬಾಕಿ.