ನಡುಗೋಡೆಯ ತೇವ

ಸುತ್ತಿಗೆಯ ಮೊದಲ ಏಟು ಬಚ್ಚಲಿನ ಟೈಲ್ಸಿಗೆ ಬಿತ್ತು. ಎರಡನೆಯದು ತಮ್ಮನ ಮೊಣಕೈಗೆ. ಮೂಳೆ ಮುರಿದ ಸದ್ದು ಹೊಸ್ತಿಲಲ್ಲಿದ್ದ ನನಗೂ ಕೇಳಿಸಿತು. ಸುತ್ತಿಗೆ ಹಿಡಿದವನು ಅವನ ಸ್ವಂತ ಅಣ್ಣ; ಅವನನ್ನು ಅಲ್ಲಿಗೆ ನುಗ್ಗಿಸಿದ್ದು ನನ್ನ ಮಾತು.

ಆಗ ನಾನು ಮೂಡುಬಿದಿರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಗೋಡೆಯೊಳಗೆ ಬಿಸಿ, ತೇವ ಹೇಗೆ ಸಾಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಸಂಶೋಧನೆ. ಅದನ್ನು ಕೇಳಿ ಬಂಟ್ವಾಳದಲ್ಲಿ ರಿಕ್ಷಾ ಓಡಿಸುವ ಈ ಅಣ್ಣ ನನ್ನನ್ನು ಕರೆದಿದ್ದ. ಕೆಂಪು ಮುರಕಲ್ಲಿನ ಹಳೆ ಮನೆ, ನಡುವೆ ಒಂದೇ ಗೋಡೆ. ಈಚೆ ಅವನ ಸಂಸಾರ, ಆಚೆ ಹೋಟೆಲಿನಲ್ಲಿ ಅಡುಗೆ ಮಾಡುವ ತಮ್ಮನದು. ಈಚೆ ಬದಿಗೆ ಕಪ್ಪು ಬೂಷ್ಟು ಹಿಡಿದಿತ್ತು. ಗೋಡೆಯ ಪಕ್ಕ ಮಲಗುವ ಮಗಳಿಗೆ ಉಬ್ಬಸ.

"ಅವನ ಬಚ್ಚಲಿನ ನೀರೇ ಮೇಡಂ. ನಾನು ಹೇಳಿದ್ರೆ ಹೊಡೀಲಿಕ್ಕೆ ಬರ್ತಾನೆ."

ಗೋಡೆ ಕೊರೆದು ತೇವ ಅಳೆಯುವ ಸೆನ್ಸರ್‌ಗಳನ್ನು ಇಟ್ಟೆ. ತಿಂಗಳ ನಂತರ ಅಣ್ಣನ ಜಗಲಿಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಓಡಿಸಿದೆ. ನೆಲದ ಹತ್ತಿರದ ಸೆನ್ಸರ್ ಮಾತ್ರ ಲೆಕ್ಕಕ್ಕೆ ಹೊಂದಲಿಲ್ಲ, ಕೆಟ್ಟಿರಬೇಕೆಂದು ಬಿಟ್ಟುಬಿಟ್ಟೆ.

"ಆಚೆಯಿಂದಲೇ ಬರುವ ಹಾಗೆ ಕಾಣ್ತದೆ," ಎಂದೆ.

ಮುಂದಿನ ಮಾತು ಕೇಳಲು ಅವನು ಅಲ್ಲಿರಲಿಲ್ಲ; ಸುತ್ತಿಗೆ ಹಿಡಿದು ತಮ್ಮನ ಬಚ್ಚಲಿಗೆ ನುಗ್ಗಿದ್ದ. ತಮ್ಮ ಅಡ್ಡ ಬಂದು ಅವನ ಕುತ್ತಿಗೆ ಅಮುಕಿದ. ಅಣ್ಣ ಸುತ್ತಿಗೆ ಬೀಸಿದ. ಒಡೆದ ಟೈಲ್ಸಿನ ಮೇಲೆ ರಕ್ತ ಹರಿಯಿತು. ಇಬ್ಬರ ಹೆಂಡಂದಿರೂ ಅಣ್ಣನ ಕೂದಲು ಹಿಡಿದು ಹಿಂದಕ್ಕೆ ಎಳೆದರು.

ಆಸ್ಪತ್ರೆಗೆ ನಾನೇ ಕಾರು ಬಿಟ್ಟೆ. ತಮ್ಮ ಹಲ್ಲು ಕಚ್ಚಿಕೊಂಡೇ ಹೇಳಿದ: "ಜಾರಿ ಬಿದ್ದದ್ದು ಅಂತ ಹೇಳಿ ಮೇಡಂ. ಅಣ್ಣನಿಗೆ ಪೊಲೀಸು ಬೇಡ."

ಟೈಲ್ಸ್ ಒಡೆದಲ್ಲಿ ಉದುರಿದ್ದ ಗೋಡೆಯ ಕಲ್ಲಿನ ಚೂರೊಂದನ್ನು ಲ್ಯಾಬಿಗೆ ಒಯ್ದು ನೀರಿನಲ್ಲಿಟ್ಟೆ. ನನ್ನ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಅದು ಎಳೆದುಕೊಂಡಿತು. ಕಂಪ್ಯೂಟರಿಗೆ ನಾನು ತುಂಬಿದ್ದು ಯಾವುದೋ ದೇಶದ ಇಟ್ಟಿಗೆಯ ಗುಣಗಳನ್ನು. ಸರಿಪಡಿಸಿ ಓಡಿಸಿದಾಗ ನೀರು ನೆಲದಡಿಯ ಪಂಚಾಂಗದಿಂದ ಮೇಲೇರಿತು. ಎರಡೂ ಬದಿಗೆ ಬಳಿದ ಪ್ಲಾಸ್ಟಿಕ್ ಪೇಂಟು ಅದನ್ನು ಆರಲು ಬಿಡುತ್ತಿರಲಿಲ್ಲ. ಕೆಟ್ಟದ್ದೆಂದು ಬಿಟ್ಟ ಸೆನ್ಸರ್ ಸರಿಯಾಗಿಯೇ ಇತ್ತು.

ಹೋಗಿ, ತಪ್ಪು ಬಚ್ಚಲಿನದಲ್ಲ, ನನ್ನ ಲೆಕ್ಕದ್ದು ಎಂದು ಇಬ್ಬರೆದುರೂ ಹೇಳಿದೆ. ಅಣ್ಣ ನನ್ನ ಲ್ಯಾಪ್‌ಟಾಪ್ ಕಿತ್ತು ಗೋಡೆಗೆ ಅಪ್ಪಳಿಸಿದ. ಮುಂದಿನ ಪೆಟ್ಟು ನನಗೇ ಎಂದುಕೊಂಡೆ. ಅವನು ಅಲ್ಲೇ ಕುಸಿದು ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳತೊಡಗಿದ. ಸರಿಯಿದ್ದ ಕೈಯನ್ನು ತಮ್ಮ ನಡುವೆ ಒಡ್ಡಿದ.

"ಸಾಕು ಮಾರಾಯ. ಮಗು ನೋಡ್ತಾ ಉಂಟು."

ಮರುವಾರ ಅಣ್ಣನೇ ಎರಡೂ ಬದಿಯ ಪೇಂಟು ಕೆರೆದು ತೆಗೆದ. ತಮ್ಮ ಬಾಗಿಲು ತೆರೆದುಕೊಟ್ಟ. ಬೇಸಗೆಯ ಹೊತ್ತಿಗೆ ಗೋಡೆ ಆರಿತು. ತಮ್ಮನ ಮೊಣಕೈ ಮಾತ್ರ ನೆಟ್ಟಗಾಗಲಿಲ್ಲ. ಹೋಟೆಲಿನಲ್ಲಿ ಅವನೀಗ ಹಂಡೆ ಎತ್ತುವುದಿಲ್ಲ, ತರಕಾರಿ ಹೆಚ್ಚಲು ಕೂರುತ್ತಾನೆ.